ಕೊಳಚೆಯಲ್ಲಿ ಪಾಚಿ, ಪಾಚಿಯಲ್ಲಿ ಟಾನಿಕ್: ಕೈಹಾಕುವವರಿಗೆ ಹನ್ನೆರಡು ಸೂತ್ರಗಳು

ಸೂಕ್ಷ್ಮ ಪಾಚಿಗಳಲ್ಲಿ ಸಸ್ಯ ಹಾರ್ಮೋನುಗಳಿವೆ ಎಂಬುದರ ಬಗ್ಗೆ ಈಗ ತಕರಾರಿಲ್ಲ. ದಕ್ಷಿಣ ಆಫ್ರಿಕಾದ ಪೀಟರ್‌ಮಾರಿಟ್ಸ್‌ಬರ್ಗ್‌ನ ವೆಂಡಿ ಸ್ಟರ್ಕ್, ಯೋಹಾನ್ನೆಸ್ ವಾನ್ ಸ್ಟಾಡನ್, ಹಂಗೇರಿಯ ವಿನ್ಸೆ ಓರ್ಡೋಗ್ ಮೊದಲಾದವರು 24 ತಳಿಗಳನ್ನು ಜಾಲಾಡಿ, ಅವುಗಳಲ್ಲಿ ಆಕ್ಸಿನ್ ಮತ್ತು ಸೈಟೊಕೈನಿನ್ ಇರುವುದನ್ನು 2013ರಲ್ಲಿ ಪ್ರಕಟಿಸಿದರು. ಕೊಳಚೆ ನೀರಿನಲ್ಲಿ ಪಾಚಿ ಬೆಳೆಸುವುದಂತೂ ಇನ್ನೂ ಹಳೆಯ ವಿದ್ಯೆ. ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ವಿಲಿಯಂ ಓಸ್ವಾಲ್ಡ್ 1950ರ ದಶಕದಲ್ಲೇ ಅದನ್ನು ಮಾಡಿ ತೋರಿಸಿದ್ದರು. ಎರಡನ್ನೂ ಜೋಡಿಸಿದರೆ ಬಿಟ್ಟಿ ನೀರು, ಬಿಟ್ಟಿ ಗೊಬ್ಬರ, ದುಬಾರಿ ಬೆಳೆ ಟಾನಿಕ್ ಎಂಬ ಲೆಕ್ಕ ಹಾಕಿ ಹೊರಡುವವರು ಬಹಳ. ಆದರೆ ಈ ತಿಂಗಳ ಬಾಟಲಿ ಕೊಟ್ಟ ಫಲವನ್ನು ಮುಂದಿನ ತಿಂಗಳ ಬಾಟಲಿಯೂ ಕೊಡಬೇಕಲ್ಲ? ಕೊಳಚೆ ದಿನಕ್ಕೊಂದು ಬಗೆ. ಇಲ್ಲಿರುವ ಸೂತ್ರಗಳೆಲ್ಲ ಆ ಏರುಪೇರನ್ನು ಕಟ್ಟಿಹಾಕುವುದಕ್ಕೇ.

1. ಮೊದಲು ನೀರನ್ನು ಆರಿಸಿ, ಪಾಚಿ ಆಮೇಲೆ.

ಹಾಲಿನ ಡೇರಿ, ದನದ ಕೊಟ್ಟಿಗೆ ತೊಳೆದ ನೀರು, ಬಯೋಗ್ಯಾಸ್ ಬಗ್ಗಡ, ಅಪಾರ್ಟ್‌ಮೆಂಟಿನ ಕೊಳಚೆ ಸಂಸ್ಕರಣಾ ಘಟಕದ (ಎಸ್‌ಟಿಪಿ) ನೀರು: ಇವೆಲ್ಲ ಆಗಬಹುದು. ಪೀಣ್ಯದಂಥ ಕೈಗಾರಿಕಾ ಪ್ರದೇಶದಲ್ಲಿ ಎಲೆಕ್ಟ್ರೋಪ್ಲೇಟಿಂಗ್ ಘಟಕಗಳ ನೀರು ಸೇರುವ ಚರಂಡಿ ಬೇಡವೇ ಬೇಡ. ಪಾಚಿಯ ಮೈಗೆ ಭಾರ ಲೋಹ ಬಲು ಬೇಗ ಅಂಟುತ್ತದೆ. ನೀರು ಶುದ್ಧವಾದೀತು, ಆದರೆ ಸೀಸ, ಕ್ರೋಮಿಯಂ ನಿಮ್ಮ ಬಾಟಲಿಗೆ ಬಂದು ಸೇರುತ್ತದೆ. ಆಸ್ಪತ್ರೆಯ ನೀರೂ ಬೇಡ. ಮನುಷ್ಯರ ಮಲ ಸೇರಿದ ನೀರಾದರೆ ರೋಗಾಣು, ಜಂತುಹುಳುವಿನ ಮೊಟ್ಟೆಗಳ ಪರೀಕ್ಷೆ ಕಡ್ಡಾಯ. ಹಸಿಯಾಗಿ ತಿನ್ನುವ ಸೊಪ್ಪಿನ ಮೇಲೆ ಅಂಥದ್ದನ್ನು ಸಿಂಪಡಿಸುವ ಮಾತೇ ಎತ್ತಬೇಡಿ.

2. ಕೆರೆಯ ಹಸಿರನ್ನು ಬಾಚಿ ತರಬೇಡಿ.

2018ರಿಂದ ಬೆಂಗಳೂರಿನ ಸಂಸ್ಕರಿತ ನೀರು ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. ಅಂಥ ಪೋಷಕಾಂಶ ತುಂಬಿದ ಕೆರೆಗಳಲ್ಲಿ ಹಸಿರು ಕಂಡ ಕೂಡಲೇ ‘ಬಿಟ್ಟಿ ಪಾಚಿ’ ಅನ್ನಿಸುವುದು ಸಹಜ. ಆದರೆ ಕೆರೆಯಲ್ಲಿ ತಾನಾಗಿ ಹಬ್ಬುವುದು ಮೈಕ್ರೊಸಿಸ್ಟಿಸ್ ಆಗಿದ್ದರೆ ಅದು ಯಕೃತ್ತಿಗೆ ಕುತ್ತು ತರುವ ವಿಷವನ್ನು ಉಂಟುಮಾಡಬಲ್ಲದು. ಆ ವಿಷ ಸಸಿಗಳ ಬೆಳವಣಿಗೆಯನ್ನೂ ಕುಗ್ಗಿಸುತ್ತದೆ. ತೊಟ್ಟಿಯಲ್ಲಿ ನೀವೇ ಬೆಳೆಸಿದ ಪಾಚಿ ಮಾತ್ರ ನಿಮ್ಮದು.

3. ಆ ನೀರಲ್ಲೇ ಬದುಕಿದ ತಳಿಯನ್ನು ಹಿಡಿಯಿರಿ.

ಕ್ಲೋರೆಲ್ಲ, ಸೀನೆಡೆಸ್ಮಸ್ ಎರಡೂ ಗಟ್ಟಿ ಜೀವಗಳು, ಅಮೋನಿಯವನ್ನೂ ಕೊಂಚ ತಡೆದುಕೊಳ್ಳುತ್ತವೆ. ಮೈಸೂರಿನ ಸಿಎಫ್‌ಟಿಆರ್‌ಐಯಲ್ಲಿ ಎಲ್.ವಿ. ವೆಂಕಟರಾಮನ್ ಅವರ ತಂಡ ಆಹಾರಕ್ಕೆಂದು ಹಿಂದೆಯೇ ಪಳಗಿಸಿದ ಸ್ಪಿರುಲಿನ ನಮಗೆ ಪರಿಚಿತ ಹೆಸರು. ಆದರೆ ಅದಕ್ಕೆ ಕ್ಷಾರದ ನೀರು ಬೇಕು, ಸೋಡಾ ಸುರಿಯುತ್ತ ಹೋದರೆ ಖರ್ಚು ಏರುತ್ತದೆ. ಅಂಗಡಿಯ ತಳಿಗಿಂತ ನಿಮ್ಮದೇ ಚರಂಡಿಯಿಂದ ಬೇರ್ಪಡಿಸಿದ ತಳಿ ಹೆಚ್ಚು ಬಾಳುತ್ತದೆ. ಬೇರ್ಪಡಿಸಿದ ಮೇಲೆ ಹೆಸರು ಗುರುತಿಸಿಕೊಳ್ಳಿ, ಒಂದು ತಾಯಿ ಕೃಷಿಯನ್ನು ಪ್ರಯೋಗಾಲಯದಲ್ಲಿ ಉಳಿಸಿಕೊಳ್ಳಿ.

4. ಆಳ ಒಂದಡಿ ಮೀರದಿರಲಿ.

ಓಡುಹಾದಿಯ ಆಕಾರದ ತೊಟ್ಟಿ, 15ರಿಂದ 30 ಸೆಂ.ಮೀ. ನೀರು, ನಿಧಾನಕ್ಕೆ ತಿರುಗುವ ಹುಟ್ಟುಚಕ್ರ. ಇದಕ್ಕಿಂತ ಆಳ ಮಾಡಿದರೆ ಕೆಳಗಿನ ಪಾಚಿ ಕತ್ತಲಲ್ಲಿ ಉಸಿರಾಡುತ್ತ ತನ್ನನ್ನೇ ತಾನು ತಿನ್ನುತ್ತದೆ. ಬಗ್ಗಡ ಕಪ್ಪಗಿದ್ದರೆ ತೆಳು ಮಾಡಿ.

5. ಮಧ್ಯಾಹ್ನದ ಪಿಎಚ್ ನೋಡದೆ ಊಟಕ್ಕೆ ಏಳಬೇಡಿ.

ಬೆಳಗಿನ ಪಿಎಚ್ ಬರೆದಿಟ್ಟು ನಿಶ್ಚಿಂತೆಯಾಗಿರುವವರೇ ಹೆಚ್ಚು. ಬಿಸಿಲೇರಿದಂತೆ ಪಾಚಿ ನೀರಿನ ಇಂಗಾಲದ ಡೈಆಕ್ಸೈಡನ್ನು ಹೀರುತ್ತದೆ, ಪಿಎಚ್ 9 ದಾಟುತ್ತದೆ. 9.25ರ ಸುಮಾರಿಗೆ ನೀರಿನ ಅಮೋನಿಯಂ ಅರ್ಧದಷ್ಟು ಅಮೋನಿಯ ಅನಿಲದ ರೂಪಕ್ಕೆ ತಿರುಗಿರುತ್ತದೆ. ಅದು ಪಾಚಿಗೂ ವಿಷ, ಗಾಳಿಗೂ ಹಾರಿಹೋಗುತ್ತದೆ. ಅದೇ ಹೊತ್ತಿಗೆ ರಂಜಕ ಕ್ಯಾಲ್ಸಿಯಂ ಜೊತೆ ಕೂಡಿ ತಳಕ್ಕೆ ಇಳಿಯುತ್ತದೆ. ಸಂಜೆ ನೀರು ಪರೀಕ್ಷಿಸಿದವರು ಸಾರಜನಕ, ರಂಜಕ ಎರಡೂ ಇಳಿದವೆಂದು ಹಿಗ್ಗುತ್ತಾರೆ, ಪಾಚಿ ಮಾತ್ರ ಬಡಕಲಾಗಿರುತ್ತದೆ. ಪಿಎಚ್ 8ರ ಆಸುಪಾಸಿನಲ್ಲಿ ನಿಲ್ಲುವಂತೆ ಇಂಗಾಲದ ಡೈಆಕ್ಸೈಡ್ ಹಾಯಿಸಿ. ಬಯೋಗ್ಯಾಸ್ ಉರಿಸಿದ ಹೊಗೆಯೂ ಆದೀತು. ಒಂದು ಕಿಲೋ ಒಣ ಪಾಚಿಗೆ ಸುಮಾರು 1.8 ಕಿಲೋ ಇಂಗಾಲದ ಡೈಆಕ್ಸೈಡ್ ಬೇಕಾಗುತ್ತದೆ. ಕೊಳಚೆಯ ಬ್ಯಾಕ್ಟೀರಿಯಗಳೂ ಒಂದಷ್ಟನ್ನು ಒದಗಿಸುತ್ತವೆ.

6. ಬ್ಯಾಕ್ಟೀರಿಯಗಳನ್ನು ಓಡಿಸಲು ಹೋಗಬೇಡಿ.

ಕೊಳಚೆಯಲ್ಲಿ ಶುದ್ಧ ಪಾಚಿ ಎಂಬುದು ಕನಸು, ಒಳ್ಳೆಯ ಕನಸೂ ಅಲ್ಲ. ಮೆಕ್ಸಿಕೋದ ಲಾ ಪಾಸ್‌ನಲ್ಲಿ ಲೂಸ್ ಡೆ-ಬಶಾನ್ ಮತ್ತು ಯೋಆವ್ ಬಶಾನ್ ಕ್ಲೋರೆಲ್ಲವನ್ನು ಅಜೋಸ್ಪಿರಿಲಂ ಬ್ಯಾಕ್ಟೀರಿಯದ ಜೊತೆ ಆಲ್ಜಿನೇಟ್ ಮಣಿಗಳೊಳಗೆ ಕೂಡಿಟ್ಟು ಕೊಳಚೆ ಸಂಸ್ಕರಣೆಗೆ ಬಳಸಿದರು. ಜೊತೆಯಿದ್ದಾಗ ಕ್ಲೋರೆಲ್ಲ ಹುಲುಸಾಗಿ ಬೆಳೆಯಿತು. ಆಕ್ಸಿನ್ ಉತ್ಪಾದನೆ ಕುಂದಿದ ಅಜೋಸ್ಪಿರಿಲಂ ತಳಿಗಳನ್ನು ಇಟ್ಟಾಗ ಆ ಹುಲುಸು ಕಾಣಲಿಲ್ಲ. ಎಂದರೆ ನಿಮ್ಮ ತೊಟ್ಟಿಯ ಆಕ್ಸಿನ್‌ನಲ್ಲಿ ಒಂದು ಪಾಲು ಬ್ಯಾಕ್ಟೀರಿಯಗಳದೇ ಇರಬಹುದು, ಅದನ್ನು ಪಾಚಿಯೂ ಉಣ್ಣುತ್ತಿರಬಹುದು. ಹಾಗಾಗಿ ಪಾಚಿಯ ಜೊತೆ ಯಾವ ಬ್ಯಾಕ್ಟೀರಿಯಗಳಿವೆ ಎಂಬುದರ ಮೇಲೂ ಕಣ್ಣಿಡಬೇಕು. ಆ ಕೂಟ ಬದಲಾದರೆ ಟಾನಿಕ್ಕೂ ಬದಲಾಗುತ್ತದೆ.

7. ದಿನಕ್ಕೊಮ್ಮೆ ಸೂಕ್ಷ್ಮದರ್ಶಕ.

ಪಾಚಿ ತಿನ್ನುವ ರೋಟಿಫರ್‌ಗಳು ನುಗ್ಗಿದರೆ ಕೆಲವೇ ದಿನಗಳಲ್ಲಿ ಹಸಿರು ತೊಟ್ಟಿ ಕಂದಾಗುತ್ತದೆ. ಒಂದು ಹನಿ ನೀರು, ಐದು ನಿಮಿಷ, ಅಷ್ಟೇ.

8. ಒಣಗಿಸುವ ಆಸೆ ಬಿಡಿ.

ಸಾವಿರ ಲೀಟರ್ ನೀರಿನಲ್ಲಿ ಅರ್ಧ ಕಿಲೋ ಒಣ ಪಾಚಿ ಸಿಕ್ಕರೆ ಅದೇ ಒಳ್ಳೆಯ ಫಸಲು. ಅದನ್ನು ನೀರಿನಿಂದ ಬೇರ್ಪಡಿಸುವುದರಲ್ಲೇ ಲಾಭದ ದೊಡ್ಡ ಪಾಲು ಕರಗುತ್ತದೆ. ಪುಡಿ ಮಾಡಲು ಹೋದರೆ ಉಳಿದದ್ದೂ ಕರಗುತ್ತದೆ. ಗುಂಪುಗೂಡಿ ತಾನೇ ತಳಕ್ಕೆ ಇಳಿಯುವ ಸೀನೆಡೆಸ್ಮಸ್ ಇಲ್ಲಿ ಗೆಲ್ಲುತ್ತದೆ. ಪಟಿಕ ಹಾಕಿ ಇಳಿಸಿದರೆ ಅಲ್ಯೂಮಿನಿಯಂ ಪಾಚಿಯಲ್ಲೇ ಉಳಿಯುತ್ತದೆ; ಗಿಡಕ್ಕೆ ಕೊಡುವ ಮಾಲಿಗೆ ಅದು ಸಲ್ಲ. ಮಂದ ರಾಡಿಯನ್ನೇ ತೆಗೆದುಕೊಂಡು ಕೋಶಭಿತ್ತಿ ಒಡೆಯಿರಿ: ಅಧಿಕ ಒತ್ತಡದ ಹೋಮೊಜಿನೈಸರ್, ಶ್ರವಣಾತೀತ ಅಲೆ, ಕಿಣ್ವ, ಯಾವುದು ಕೈಗೆಟಕುತ್ತದೋ ಅದು. ಒಡೆಯದೆ ಬಾಟಲಿಗೆ ತುಂಬಿದರೆ ಬಹುಪಾಲು ಸರಕು ಒಳಗೇ ಬಂದಿ. ಒಡೆದ ಮೇಲೆ ಬೆಳಕು ತಾಗಿಸಬೇಡಿ, ಆಕ್ಸಿನ್ ಬೆಳಕಿಗೆ ಕೆಡುತ್ತದೆ. ಗಾಢ ಬಣ್ಣದ ಡಬ್ಬಿ, ತಂಪು ಜಾಗ. ಹಾರ್ಮೋನಿನ ಮಟ್ಟ ಹಗಲು ರಾತ್ರಿಗಳ ನಡುವೆಯೂ ಏರಿಳಿಯುತ್ತದೆ, ಆದ್ದರಿಂದ ಕೊಯ್ಲಿನ ಗಂಟೆಯನ್ನು ಒಮ್ಮೆ ಗೊತ್ತುಮಾಡಿ, ಬದಲಿಸಬೇಡಿ.

9. ಗಿಡವನ್ನೇ ಕೇಳಿ.

ಹೆಚ್ಚಿನವರು ಸಾಲ್ಕೊವ್‌ಸ್ಕಿ ದ್ರಾವಣ ಹಾಕಿ ಗುಲಾಬಿ ಬಣ್ಣ ಬಂತೆಂದು ಕುಣಿಯುತ್ತಾರೆ. ಆ ಬಣ್ಣ ಆಕ್ಸಿನ್‌ಗೆ ಮಾತ್ರ ಬರುವುದಲ್ಲ, ಅದರ ಬಂಧುಗಳಿಗೂ ಬರುತ್ತದೆ. ಸರಿಯಾದ ಅಳತೆ ಬೇಕಿದ್ದರೆ ಮಾಸ್ ಸ್ಪೆಕ್ಟ್ರೋಮೀಟರ್ ಇರುವ ಪ್ರಯೋಗಾಲಯಕ್ಕೆ ಕಳುಹಿಸಬೇಕು, ಅದು ಪ್ರತಿ ಸಲ ಆಗದ ಮಾತು. ಅಗ್ಗದ ದಾರಿ ಇದೆ. ಹೆಸರುಕಾಳಿನ ಎಳೆಯ ಸಸಿಯ ಬೇರು ಕತ್ತರಿಸಿ ಕಾಂಡವನ್ನು ನಿಮ್ಮ ದ್ರಾವಣದಲ್ಲಿ ಅದ್ದಿಟ್ಟು, ಒಂದು ವಾರದ ಮೇಲೆ ಹೊಸ ಬೇರು ಎಣಿಸಿ: ಇದು ಆಕ್ಸಿನ್‌ಗೆ. ಕತ್ತರಿಸಿದ ಗೋಧಿ ಎಲೆಯನ್ನು ಕತ್ತಲಲ್ಲಿಟ್ಟು, ಎಷ್ಟು ದಿನ ಹಸಿರು ಉಳಿಯುತ್ತದೆ ನೋಡಿ: ಇದು ಸೈಟೊಕೈನಿನ್‌ಗೆ.

ಪಕ್ಕದಲ್ಲಿ ಬರೀ ನೀರಿನ ಲೋಟ ಇಟ್ಟರೆ ಸಾಲದು. ಒಣ ಪಾಚಿಯಲ್ಲಿ ಶೇ. 7ರಿಂದ 10ರಷ್ಟು ಸಾರಜನಕವಿರುತ್ತದೆ. ಹೊಲದಲ್ಲಿ ಗಿಡ ಚಿಗುರಿದ್ದು ಹಾರ್ಮೋನಿನಿಂದಲೋ, ಒಂದು ಚಿಟಿಕೆ ಯೂರಿಯಾ ಕೊಟ್ಟಿದ್ದರೂ ಹಾಗೇ ಚಿಗುರುತ್ತಿತ್ತೋ? ಅಷ್ಟೇ ಸಾರಜನಕವಿರುವ ಇನ್ನೊಂದು ಲೋಟ ಇಡಿ. ಅಳತೆ ಗೊತ್ತಿರುವ ಆಕ್ಸಿನ್ ದ್ರಾವಣದ ಮೂರನೆಯ ಲೋಟವೂ ಇರಲಿ. ಈ ಪರೀಕ್ಷೆಯನ್ನು ಪ್ರತಿ ಬ್ಯಾಚಿಗೂ ಮಾಡಿ, ಬಾಟಲಿಯ ಬ್ಯಾಚ್ ನಂಬರಿನ ಎದುರು ಬರೆದಿಡಿ. ಈ ನೋಟ್‌ಬುಕ್ ಇಲ್ಲದವರು ಮಾರುವುದು ಹಸಿರು ನೀರು, ಅಷ್ಟೇ.

10. ಡೋಸು ಹೆಚ್ಚಿಸಿ ಎಂದು ರೈತರಿಗೆ ಹೇಳಬೇಡಿ.

ಹೆಚ್ಚಾದರೆ ಹಾರ್ಮೋನೇ ವಿಷ. ಕಳೆನಾಶಕ 2,4-ಡಿ ಎಂಬುದು ಕೃತಕ ಆಕ್ಸಿನ್. ಅಗಲ ಎಲೆಯ ಕಳೆಗಳಲ್ಲಿ ಬೆಳವಣಿಗೆಯನ್ನೇ ಹದಗೆಡಿಸಿ ಅವನ್ನು ಸಾಯಿಸುತ್ತದೆ. ಇನ್ನೊಂದು ಸಸ್ಯ ಹಾರ್ಮೋನಾದ ಜಿಬ್ಬರೆಲಿನ್ ಪತ್ತೆಯಾದದ್ದೂ ರೋಗದಿಂದಲೇ: ಶಿಲೀಂಧ್ರವೊಂದು ತಗುಲಿದ ಭತ್ತದ ಸಸಿಗಳು ಬಡಕಲಾಗಿ ಉದ್ದುದ್ದ ಬೆಳೆದು ಬೀಳುವುದಕ್ಕೆ ಆ ಶಿಲೀಂಧ್ರ ಸೂಸುವ ವಸ್ತುವೇ ಕಾರಣವೆಂದು ಜಪಾನಿನ ಎಯಿಚಿ ಕುರೊಸಾವ 1926ರಲ್ಲಿ ತೋರಿಸಿದ್ದರು. ಗೊಬ್ಬರದಂಗಡಿಯಲ್ಲಿ ‘ಇನ್ನೊಂದು ಮುಚ್ಚಳ ಹಾಕಿ’ ಎನ್ನುವ ಚಾಳಿ ಇದೆಯಲ್ಲ, ಅದಕ್ಕೆ ನಿಮ್ಮ ಸರಕನ್ನು ಕೊಡಬೇಡಿ.

11. ಮೊದಲ ಗಿರಾಕಿ ಸಸಿ ನರ್ಸರಿಯವರಾಗಲಿ.

ಟೊಮೆಟೊ ಸಸಿ ಪ್ರೋಟ್ರೇಯಿಂದ ಹೊಲಕ್ಕೆ ಹೋಗಲು ತಿಂಗಳೊಳಗೆ ಸಿದ್ಧವಾಗುತ್ತದೆ. ಫಲ ಕಂಡಿತೋ ಇಲ್ಲವೋ ಬೇಗ ಗೊತ್ತಾಗುತ್ತದೆ. ಬೇಕಾಗುವ ಪ್ರಮಾಣವೂ ಕಡಿಮೆ. ಹಸಿ ರಾಡಿ ದೂರ ಪ್ರಯಾಣಿಸದು, ಆದ್ದರಿಂದ ಗಿರಾಕಿ ಹತ್ತಿರವಿರಬೇಕು. ಸ್ಪೇನಿನ ಅಲ್ಮೆರಿಯ ವಿಶ್ವವಿದ್ಯಾಲಯ 2016ರಲ್ಲಿ ಆರಂಭಿಸಿದ ಸಬಾನಾ ಯೋಜನೆ ಕೊಳಚೆಯ ಪೋಷಕಾಂಶ ಬಳಸಿ ಪಾಚಿ ಬೆಳೆಸಿ ಬೆಳೆಗೆ ಚೋದಕ ತಯಾರಿಸಲು ಹೊರಟಿತು. ಆ ಊರಿನ ಸುತ್ತ ಸುಮಾರು 30,000 ಹೆಕ್ಟೇರ್ ಹಸಿರುಮನೆಗಳಿವೆ, ಬಾಗಿಲಲ್ಲೇ ಮಾರುಕಟ್ಟೆ. ಕೋಲಾರ, ಚಿಕ್ಕಬಳ್ಳಾಪುರದ ತರಕಾರಿ ನರ್ಸರಿಗಳ ಪಕ್ಕ ಡೇರಿಗಳೂ ಇವೆ ಎಂಬುದನ್ನು ನೆನಪಿಟ್ಟುಕೊಳ್ಳಿ.

12. ಲೇಬಲ್ ಬರೆಯುವ ಮುನ್ನ ಕಾನೂನು ಓದಿ.

2021ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ 1985ರ ರಸಗೊಬ್ಬರ ನಿಯಂತ್ರಣ ಆದೇಶಕ್ಕೆ ತಿದ್ದುಪಡಿ ತಂದು ಜೈವಿಕ ಚೋದಕಗಳನ್ನು ಅದರೊಳಗೆ ತಂದಿತು. ಆದರೆ 1968ರ ಕೀಟನಾಶಕ ಕಾಯ್ದೆಯಡಿ ಬರುವ ಸಸ್ಯ ಬೆಳವಣಿಗೆ ನಿಯಂತ್ರಕಗಳು ಅದರಿಂದ ಹೊರಗೆ. ಜಿಬ್ಬರೆಲಿಕ್ ಆಮ್ಲ ಆ ಕಾಯ್ದೆಯ ಪಾಲು. ಎಂದರೆ ‘ಪಾಚಿ ಸಾರ’ ಎಂದು ಮಾರಿದರೆ ಒಂದು ಕಚೇರಿ, ‘ಜಿಬ್ಬರೆಲಿನ್ ಇದೆ’ ಎಂದು ಮೆರೆಸಿದರೆ ಇನ್ನೊಂದು ಕಚೇರಿ. ಎರಡನೆಯದರ ದಾರಿ ಬಹಳ ಉದ್ದ. ಮೊದಲ ದಾರಿಯಲ್ಲೂ ಭಾರ ಲೋಹದ ಮಿತಿ, ಕೀಟನಾಶಕ ಶೇಷದ ಮಿತಿ, ಬೇರೆ ಬೇರೆ ಪ್ರದೇಶಗಳ ಹೊಲಪ್ರಯೋಗದ ವರದಿ ಬೇಕೇ ಬೇಕು. ಇದು ತಿಂಗಳುಗಟ್ಟಲೆ ಹಿಡಿಯುವ ಕೆಲಸ, ಕಾಯುತ್ತ ಕೂರಲು ಕೈಯಲ್ಲಿ ಕಾಸಿರಬೇಕು. ಅಲ್ಲಿಯವರೆಗೆ ಡೇರಿಯವರಿಂದ ನೀರು ಶುದ್ಧಮಾಡಿಕೊಟ್ಟ ಕೂಲಿ ಕೇಳಿ, ನಾಚಿಕೆ ಬೇಡ. ಅದಕ್ಕೆ ತಿಂಗಳ ಒಪ್ಪಂದವನ್ನು ಕಾಗದದಲ್ಲೇ ಮಾಡಿಕೊಳ್ಳಿ, ಯಾವ ದಿನ ಯಾವ ಫಿನೈಲು, ಯಾವ ಆಸಿಡ್ ಹಾಕಿ ನೆಲ ತೊಳೆಯುತ್ತಾರೆ ಎಂಬುದನ್ನು ಮುಂಚೆಯೇ ತಿಳಿಸಬೇಕೆಂಬ ಷರತ್ತಿನೊಂದಿಗೆ.