ಓಡದ ಆಟದ ಎಂಜಿನ್ನು: ವಿದ್ಯುದ್ದೋಷವನ್ನು ಹುಡುಕುವ ಕ್ರಮ

ಕೈಬದಲಾಗಿ ಬಂದ ಹಳೆಯ ಮಾದರಿ ರೈಲು ಎಂಜಿನ್ನು ಹಳಿಯ ಮೇಲಿಟ್ಟೊಡನೆ ಓಡುವುದು ಅಪರೂಪ. ವಿದ್ಯುತ್ತನ್ನು ಹರಿಸಿದರೂ ಅದು ಕದಲದಿದ್ದರೆ, ಮೋಟಾರು ಸುಟ್ಟುಹೋಗಿದೆಯೆಂದು ತೀರ್ಮಾನಿಸಿ ಮೂಲೆಗೆಸೆಯುವವರುಂಟು. ಆದರೆ ಮೋಟಾರು ಸುಡದೆಯೂ ಎಂಜಿನ್ನು ನಿಲ್ಲಲು ಹಲವು ಕಾರಣಗಳಿವೆ. ಬರಿಯ ಊಹೆಯಿಂದ ಒಂದೊಂದೇ ಭಾಗವನ್ನು ಬಿಚ್ಚುತ್ತ ಹೋದರೆ, ಇದ್ದ ದೋಷದ ಜೊತೆಗೆ ಹೊಸ ದೋಷವೂ ಸೇರುತ್ತದೆ. ಶಾಲೆಯಲ್ಲಿ ಕಲಿತ ಓಮನ ನಿಯಮವನ್ನು ಆಧರಿಸಿ ದೋಷದ ನೆಲೆಯನ್ನು ಕ್ರಮವಾಗಿ ಕಂಡುಹಿಡಿಯುವುದು ಹೇಗೆಂಬುದನ್ನು ಇಲ್ಲಿ ವಿಚಾರಿಸೋಣ.

ಪ್ರವಾಹದ ದಾರಿ

ನಿದರ್ಶನಕ್ಕಾಗಿ, 1950 ಮತ್ತು 1960ರ ದಶಕಗಳಲ್ಲಿ ಇಂಗ್ಲೆಂಡಿನಲ್ಲಿ ತಯಾರಾದ ಟ್ರೈ-ಆಂಗ್ ಎಂಜಿನ್ನನ್ನು ತೆಗೆದುಕೊಳ್ಳೋಣ. ಇದರ ಹಳಿಗಳ ನಡುವಣ ಅಂತರ 16.5 ಮಿಲಿಮೀಟರ್. ಇದು ಓಡುವುದು 12 ವೋಲ್ಟ್‌ನ ಏಕಮುಖ ಪ್ರವಾಹದಿಂದ. ಒಂದು ಹಳಿ ಧನಾಗ್ರಕ್ಕೂ ಇನ್ನೊಂದು ಋಣಾಗ್ರಕ್ಕೂ ಸೇರಿರುತ್ತದೆ. ಒಂದು ಪಕ್ಕದ ಚಕ್ರಗಳು ತಮ್ಮ ಅಚ್ಚಿನ ಮೂಲಕ ಎಂಜಿನ್ನಿನ ಲೋಹದ ಚೌಕಟ್ಟಿಗೆ ವಿದ್ಯುತ್ತನ್ನು ಮುಟ್ಟಿಸುತ್ತವೆ. ಇನ್ನೊಂದು ಪಕ್ಕದ ಚಕ್ರಗಳಿಗೂ ಅಚ್ಚಿಗೂ ನಡುವೆ ಅವಾಹಕವಿರುತ್ತದೆ. ಆ ಚಕ್ರಗಳನ್ನು ಸವರುವ ತೆಳುವಾದ ಲೋಹದ ಪಟ್ಟಿಯೊಂದು ಅಲ್ಲಿಂದ ವಿದ್ಯುತ್ತನ್ನು ಸಂಗ್ರಹಿಸುತ್ತದೆ.

ಮೋಟಾರಿನಲ್ಲಿ ಎರಡು ಬ್ರಷ್‌ಗಳಿವೆ. ಒಂದು ಚೌಕಟ್ಟಿಗೂ ಮತ್ತೊಂದು ಆ ಪಟ್ಟಿಗೂ ಸೇರಿದೆ. ಇವು ದಿಕ್ಪರಿವರ್ತಕದ ಮೂರು ತಾಮ್ರದ ಫಲಕಗಳನ್ನು ಒತ್ತಿಕೊಂಡಿದ್ದು, ಆರ್ಮೆಚರಿನ ಮೂರು ಸುರುಳಿಗಳಿಗೆ ಪ್ರವಾಹವನ್ನು ಕೊಡುತ್ತವೆ. ಎರಡು ಬ್ರಷ್‌ಗಳನ್ನೂ ಒತ್ತಿ ಹಿಡಿಯುವುದು ಒಂದೇ ಸ್ಪ್ರಿಂಗು. ಸ್ಪ್ರಿಂಗು ಲೋಹದ್ದಾದುದರಿಂದ ಅದರ ಒಂದು ತೋಳಿಗೆ ಅವಾಹಕದ ಪುಟ್ಟ ಕೊಳವೆಯನ್ನು ತೊಡಿಸಿರುತ್ತಾರೆ.

ಈ ದಾರಿಯಲ್ಲಿ ಮೂರು ಬಗೆಯ ದೋಷಗಳು ಸಾಧ್ಯ. ದಾರಿ ಎಲ್ಲಿಯಾದರೂ ಕಡಿದಿರಬಹುದು, ಕೊಳೆಯಿಂದ ಇಕ್ಕಟ್ಟಾಗಿರಬಹುದು, ಇಲ್ಲವೆ ಮೋಟಾರನ್ನು ಬಿಟ್ಟು ಪ್ರವಾಹವು ಅಡ್ಡದಾರಿ ಹಿಡಿದಿರಬಹುದು. ಈ ಮೂರನೆಯದೇ ಹ್ರಸ್ವಮಂಡಲ.

ಮೊದಲು ದೀಪದ ಪರೀಕ್ಷೆ

ಪರೀಕ್ಷೆಗೆ ತೊಡಗುವ ಮುನ್ನ ಒಂದು ಎಚ್ಚರಿಕೆ. ಹಳೆಯ ಎಂಜಿನ್ನಿನೊಡನೆ ಬಂದ ಹಳೆಯ ನಿಯಂತ್ರಕ ಪೆಟ್ಟಿಗೆಯೊಳಗೆ ಮನೆಯ 230 ವೋಲ್ಟ್ ವಿದ್ಯುತ್ತು ಪ್ರವೇಶಿಸುತ್ತದೆ. ಅದರ ತಂತಿಯ ಹೊದಿಕೆ ಬಿರಿದಿದ್ದರೆ ಅದನ್ನು ಬಳಸಕೂಡದು, ವಿದ್ಯಾರ್ಥಿಗಳು ಪೆಟ್ಟಿಗೆಯನ್ನು ತೆರೆಯಲೂಕೂಡದು. ಸುಸ್ಥಿತಿಯಲ್ಲಿರುವ 12 ವೋಲ್ಟ್‌ನ ಮೂಲವೊಂದನ್ನು ಬೇರೆಯಾಗಿ ಒದಗಿಸಿಕೊಳ್ಳುವುದು ಕ್ಷೇಮ.

ಮೋಟಾರು ಕಾರಿನಲ್ಲಿ ಬಳಸುವ 12 ವೋಲ್ಟ್, 10 ವ್ಯಾಟ್‌ನ ದೀಪವೊಂದನ್ನು ಎಂಜಿನ್ನಿನೊಡನೆ ಸರಣಿಯಲ್ಲಿ ಜೋಡಿಸೋಣ. ಮಂಡಲದಲ್ಲಿ ಏನೇ ಕೆಟ್ಟಿದ್ದರೂ ಪ್ರವಾಹವು ಸುಮಾರು 0.83 ಆಂಪೇರನ್ನು ಮೀರದು. ಈಗ ನಾಲ್ಕು ಸ್ಥಿತಿಗಳು ಕಾಣಬಹುದು:

1. ದೀಪ ಉರಿಯದು, ಮೋಟಾರೂ ತಿರುಗದು: ದಾರಿ ಕಡಿದಿದೆ, ಇಲ್ಲವೆ ಕೊಳೆ ಪ್ರವಾಹವನ್ನು ತಡೆದಿದೆ.
2. ದೀಪ ಪೂರ್ಣವಾಗಿ ಬೆಳಗುತ್ತದೆ, ಮೋಟಾರು ತಿರುಗದು: ಹ್ರಸ್ವಮಂಡಲವಾಗಿದೆ.
3. ದೀಪ ಮಂದವಾಗಿ ಉರಿಯುತ್ತದೆ, ಮೋಟಾರು ತಿರುಗದು: ಮೋಟಾರಿಗೆ ಪ್ರವಾಹ ಬರುತ್ತಿದೆ, ಒಣಗಿದ ಜಿಡ್ಡು ಅಥವಾ ಹಲ್ಲುಚಕ್ರ ಅದನ್ನು ಹಿಡಿದಿರಬಹುದು.
4. ದೀಪ ತೀರ ಮಂಕಾಗಿದ್ದು ಮೋಟಾರು ತಿರುಗುತ್ತದೆ: ಮುಖ್ಯ ದಾರಿ ಸರಿಯಾಗಿದೆ.

ಮೂರನೆಯ ಸ್ಥಿತಿಯ ಅಪಾಯವನ್ನು ಅರಿಯಬೇಕು. ಮೋಟಾರಿನ ರೋಧ 10 ಓಮ್ ಎಂದು ಭಾವಿಸೋಣ. ಅದು ತಿರುಗುವಾಗ ತಾನೇ ಒಂದು ಎದುರು ವಿದ್ಯುಚ್ಚಾಲಕ ಬಲವನ್ನು ಉತ್ಪಾದಿಸುತ್ತದೆ. ಅದು 9 ವೋಲ್ಟ್ ಆಗಿದ್ದರೆ ಉಳಿದ 3 ವೋಲ್ಟ್ ಹರಿಸುವ ಪ್ರವಾಹ 0.3 ಆಂಪೇರ್, ಸುರುಳಿಯಲ್ಲಿ ಉಂಟಾಗುವ ಶಾಖ 0.9 ವ್ಯಾಟ್. ಮೋಟಾರು ನಿಂತರೆ ಎದುರು ಬಲವಿಲ್ಲ. ರಕ್ಷಣೆಯ ದೀಪವೂ ಇಲ್ಲದಿದ್ದರೆ ಪ್ರವಾಹ 1.2 ಆಂಪೇರಿಗೇರಿ, ಶಾಖ 14.4 ವ್ಯಾಟ್ ಆಗುತ್ತದೆ. ಎಂದರೆ ಹದಿನಾರು ಪಟ್ಟು! ನಿಂತ ಮೋಟಾರಿಗೆ ವಿದ್ಯುತ್ತನ್ನು ಹರಿಸುತ್ತಲೇ ಇದ್ದರೆ ಚೆನ್ನಾಗಿದ್ದ ಸುರುಳಿಯೂ ಸುಡುವುದು ಇದರಿಂದಲೇ.

ಮಂಡಲವನ್ನು ಎರಡಾಗಿ ಭಾಗಿಸುವುದು

ದೋಷದ ಬಗೆ ತಿಳಿದ ಮೇಲೆ ಅದರ ನೆಲೆಯನ್ನು ಹುಡುಕಬೇಕು. ಎಂಜಿನ್ನನ್ನು ಹಳಿಯಿಂದೆತ್ತಿ, ಪಟ್ಟಿಯಿಂದ ಬ್ರಷ್‌ಗೆ ಬರುವ ತಂತಿಯನ್ನು ಬಿಡಿಸಿ, ದೀಪದ ಮೂಲಕವೇ ಎರಡು ಬ್ರಷ್‌ಗಳಿಗೆ ನೇರವಾಗಿ ವಿದ್ಯುತ್ತನ್ನು ಕೊಡೋಣ. ಮೋಟಾರು ತಿರುಗಿತೆಂದರೆ ದೋಷವಿರುವುದು ಚಕ್ರದಿಂದ ಬ್ರಷ್‌ವರೆಗಿನ ಭಾಗದಲ್ಲಿ, ತಿರುಗದಿದ್ದರೆ ಮೋಟಾರಿನಲ್ಲಿ. ಈ ಒಂದೇ ಪರೀಕ್ಷೆಯಿಂದ ಹುಡುಕಾಟದ ಅರ್ಧ ಶ್ರಮ ಉಳಿಯುತ್ತದೆ.

ಚಕ್ರದ ಭಾಗದಲ್ಲಿ ಸಾಮಾನ್ಯ ಶತ್ರು ಕೊಳೆ. ಸ್ಪರ್ಶಸ್ಥಾನದಲ್ಲಿ 20 ಓಮ್ ರೋಧವಿದ್ದು 0.3 ಆಂಪೇರ್ ಹರಿದರೆ 6 ವೋಲ್ಟ್ ಅಲ್ಲಿಯೇ ನಷ್ಟವಾಗುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಬಟ್ಟೆಯಿಂದ ಚಕ್ರಗಳನ್ನು ಒರೆಸಬೇಕು. ಮರಳು ಕಾಗದದಿಂದ ಉಜ್ಜಿದರೆ ಬೀಳುವ ಗೀರುಗಳಲ್ಲಿ ಕೊಳೆ ಮತ್ತಷ್ಟು ಕೂರುತ್ತದೆ. ಈ ಭಾಗದಲ್ಲಿ ಹ್ರಸ್ವಮಂಡಲವಿದ್ದರೆ ಅಚ್ಚುಗಳನ್ನು ಪರೀಕ್ಷಿಸಬೇಕು. ಹಿಂದೆ ಯಾರಾದರೂ ಬಿಚ್ಚಿ ಜೋಡಿಸುವಾಗ ಒಂದು ಅಚ್ಚನ್ನು ತಿರುಗುಮುರುಗಾಗಿ ಕೂರಿಸಿದ್ದರೆ, ಎರಡು ಹಳಿಗಳೂ ಚೌಕಟ್ಟಿನ ಮೂಲಕ ಕೂಡಿಕೊಳ್ಳುತ್ತವೆ.

ಮೋಟಾರಿನ ಭಾಗದಲ್ಲಿ ಹ್ರಸ್ವಮಂಡಲವಿದ್ದರೆ ಸ್ಪ್ರಿಂಗಿನ ತೋಳಿನ ಕೊಳವೆಯನ್ನು ಮೊದಲು ನೋಡಬೇಕು. ಅದು ಕಳಚಿದ್ದರೆ ಸ್ಪ್ರಿಂಗೇ ಅಡ್ಡದಾರಿ. ರೇಡಿಯೋ ಗದ್ದಲವನ್ನು ತಡೆಯಲು ಕೂಡಿಸಿದ ಕೆಪಾಸಿಟರ್ ಕೆಟ್ಟಿದ್ದರೂ ಹೀಗೆಯೇ ಆಗುತ್ತದೆ. ಬಳಿಕ ಫಲಕಗಳ ನಡುವಣ ಸಂದುಗಳಲ್ಲಿ ತುಂಬಿದ ಇಂಗಾಲದ ಪುಡಿಯನ್ನು ಮರದ ಕಡ್ಡಿಯಿಂದ ಬಿಡಿಸಬೇಕು.

ಮೂರು ಅಳತೆಗಳು

ಇಷ್ಟಾದರೂ ಫಲ ಕಾಣದಿದ್ದರೆ ಆರ್ಮೆಚರನ್ನು ಅಳೆಯಬೇಕು. ಬ್ರಷ್‌ಗಳನ್ನು ತೆಗೆದು, ಮಲ್ಟಿಮೀಟರಿನಿಂದ ಎರಡೆರಡು ಫಲಕಗಳ ನಡುವಣ ರೋಧವನ್ನು ಮೂರು ಸಲ ಅಳೆಯೋಣ. ಮೂರು ಸುರುಳಿಗಳೂ ತ್ರಿಕೋನಾಕಾರವಾಗಿ ಕೂಡಿರುತ್ತವೆ. ಒಂದೊಂದರ ರೋಧ 15 ಓಮ್ ಆದರೆ, ಎರಡು ಫಲಕಗಳ ನಡುವೆ 15 ಓಮ್‌ಗೆ ಸಮಾಂತರವಾಗಿ 30 ಓಮ್ ಇದ್ದು, ಅಳತೆ 10 ಓಮ್ ಬರುತ್ತದೆ. ಸುರುಳಿಗಳು ಸರಿಯಿದ್ದರೆ 10, 10, 10. ಒಂದು ಸುರುಳಿ ಕಡಿದಿದ್ದರೆ 30, 15, 15. ಒಂದು ಸುರುಳಿಯ ಎರಡು ತುದಿಗಳೂ ಕೂಡಿಹೋಗಿದ್ದರೆ 0, 7.5, 7.5. ಅಂಕಿಗಳು ಎಂಜಿನ್ನಿನಿಂದ ಎಂಜಿನ್ನಿಗೆ ಬೇರೆಯಾಗಬಹುದು; ಆದರೆ ಮೂರೂ ಸಮವಾಗಿರಬೇಕೆಂಬುದೇ ಮುಖ್ಯ. ಕಡಿದುದು ಫಲಕದ ಬಳಿಯ ಬೆಸುಗೆಯಲ್ಲಾದರೆ ಮತ್ತೆ ಬೆಸೆಯುವುದು ಸುಲಭ.

ಮೂರೂ ಸಮವಾಗಿದ್ದು, ಮೋಟಾರು ವೇಗವಾಗಿ ತಿರುಗಿದರೂ ಬೇಗ ಬಿಸಿಯಾಗಿ ಬಂಡಿಯನ್ನೆಳೆಯದಿದ್ದರೆ, ಅಯಸ್ಕಾಂತ ದುರ್ಬಲವಾಗಿದೆಯೆಂದು ಶಂಕಿಸಬೇಕು. ಕ್ಷೇತ್ರ ಕುಗ್ಗಿದರೆ ಎದುರು ಬಲವೂ ಕುಗ್ಗುತ್ತದೆ, ಪ್ರವಾಹ ಹೆಚ್ಚುತ್ತದೆ. ಅಲ್ನಿಕೊ ಮಿಶ್ರಲೋಹದ ಹಳೆಯ ಅಯಸ್ಕಾಂತಗಳು, ಧ್ರುವಗಳ ನಡುವೆ ಕಬ್ಬಿಣದ ತುಂಡನ್ನಿಡದೆ ಆರ್ಮೆಚರನ್ನು ಹೊರಗೆಳೆದರೆ ಶಕ್ತಿಗುಂದುತ್ತವೆ. ಅವಸರದಿಂದ ಮೋಟಾರನ್ನು ಬಿಚ್ಚುವವನು ಹೀಗೆ ಒಳ್ಳೆಯ ಮೋಟಾರನ್ನೇ ಕೆಡಿಸಬಹುದು. ಆದುದರಿಂದ ಹೊರಗಿನಿಂದ ಮಾಡಬಹುದಾದ ಪರೀಕ್ಷೆಗಳೆಲ್ಲ ಮುಗಿಯುವ ತನಕ ಮೋಟಾರಿನ ತಿರುಪುಗಳಿಗೆ ಕೈಹಾಕಬಾರದು. ಮನೆಯ ಬೀಸಣಿಗೆಯಿಂದ ಕಾರ್ಖಾನೆಯ ಯಂತ್ರದವರೆಗೆ ದೋಷವನ್ನರಸುವ ಕ್ರಮವೂ ಇದೇ: ಮೊದಲು ಅಳತೆ, ಅನಂತರ ತೀರ್ಮಾನ, ಕೊನೆಗೆ ರಿಪೇರಿ.