ಲೇಬಲ್ಲಿನಲ್ಲಿ ಇಲ್ಲದ ಹೆಸರುಗಳು

ಹಾಡನ್ನು ಹಾಡಿದವರ ಹೆಸರಿನಿಂದ ನೆನಪಿಟ್ಟುಕೊಳ್ಳುವುದು ನಮ್ಮೆಲ್ಲರ ರೂಢಿ. ನನ್ನ ರೆಕಾರ್ಡುಗಳೂ ಬಹುಕಾಲ ಹಾಗೆಯೇ ಇದ್ದವು. ಅರೀಥಾ ಫ್ರ್ಯಾಂಕ್ಲಿನ್ ಒಂದು ಪೆಟ್ಟಿಗೆಯಲ್ಲಿ, ಓಟಿಸ್ ರೆಡ್ಡಿಂಗ್ ಇನ್ನೊಂದರಲ್ಲಿ, ಸುಪ್ರೀಮ್ಸ್, ಟೆಂಪ್ಟೇಷನ್ಸ್, ಮಾರ್ವಿನ್ ಗೇ ಎಲ್ಲರೂ ತಮ್ಮತಮ್ಮ ಜಾಗದಲ್ಲಿ. ನಿವೃತ್ತಿಯಾದ ಮೇಲಿನ ಮೊದಲ ಚಳಿಗಾಲದಲ್ಲಿ ಅವನ್ನೆಲ್ಲ ಹೊರಗೆ ತೆಗೆದೆ. ಒಂದೊಂದನ್ನೂ ಮತ್ತೆ ಕೇಳಬೇಕು, ಆದರೆ ಈ ಸಲ ಯಾರು ಹಾಡಿದ್ದು ಎಂದು ನೋಡಬಾರದು. ಯಾವ ಊರಿನ ಯಾವ ಕೋಣೆಯಲ್ಲಿ, ಯಾರ ಕೈಯಲ್ಲಿ ನುಡಿದದ್ದು ಎಂದು ಹುಡುಕುತ್ತ ಕೇಳಬೇಕು ಅನ್ನಿಸಿತು.

ನಾನು ಡೆಟ್ರಾಯಿಟ್ ಬಳಿ ಕಾರು ಕಂಪನಿಯೊಂದರಲ್ಲಿ ಎಂಜಿನಿಯರ್ ಆಗಿದ್ದವನು. ಇಲ್ಲಿ ಬೇಸಿಗೆ ಬಂತೆಂದರೆ ಶನಿವಾರ ಬೆಳಿಗ್ಗೆ ಜನ ಮನೆಯ ಹಳೇ ಸಾಮಾನನ್ನು ಗ್ಯಾರೇಜಿನ ಮುಂದೆ ಹರಡಿ ಮಾರುತ್ತಾರೆ. ಚರ್ಚುಗಳ ನೆಲಮಾಳಿಗೆಯಲ್ಲೂ ಅಂಥ ಮಾರಾಟ ನಡೆಯುತ್ತದೆ. ನನ್ನ ಸೋಲ್ ಮತ್ತು ಪಾಪ್ ಸಿಂಗಲ್ಲುಗಳು ಬಹುಪಾಲು ಅಲ್ಲಿಂದಲೇ ಬಂದವು, ಹೂದಾನಿ ಮತ್ತು ಹಳೇ ಇಸ್ತ್ರಿಪೆಟ್ಟಿಗೆಗಳ ನಡುವಿನಿಂದ.

ಇವು ದೊಡ್ಡ ಎಲ್‌ಪಿಗಳಲ್ಲ. ಏಳು ಇಂಚಿನ, ನಿಮಿಷಕ್ಕೆ 45 ಸುತ್ತು ತಿರುಗುವ ಚಿಕ್ಕ ಪ್ಲೇಟುಗಳು. 1949ರಲ್ಲಿ ಆರ್‌ಸಿಎ ವಿಕ್ಟರ್ ಕಂಪನಿ ಇವನ್ನು ಮಾರುಕಟ್ಟೆಗೆ ತಂದಿತು. ಒಂದು ಮಗ್ಗುಲಿಗೆ ಒಂದೇ ಹಾಡು, ಬಹುಪಾಲು ಮೂರು ನಿಮಿಷದ ಆಸುಪಾಸು. ನಮ್ಮಲ್ಲಿ ಬರುತ್ತಿದ್ದ ಎಚ್‌ಎಂವಿ ಇಪಿಗಳೂ ಇದೇ ಅಳತೆಯವು, ಸಾಮಾನ್ಯವಾಗಿ ಮಗ್ಗುಲಿಗೆ ಎರಡು ಚಿತ್ರಗೀತೆ. ಅವುಗಳ ನಡುವಿನ ತೂತು ಸಣ್ಣದು. ಅಮೆರಿಕದ ಸಿಂಗಲ್ಲಿನ ತೂತು ಒಂದೂವರೆ ಇಂಚು. ಮಾಮೂಲಿ ಟರ್ನ್‌ಟೇಬಲ್ ಮೇಲೆ ಕೂರಿಸಬೇಕಾದರೆ ನಡುವೆ ಪ್ಲಾಸ್ಟಿಕ್ ಬಿಲ್ಲೆಯೊಂದನ್ನು ಸಿಕ್ಕಿಸಬೇಕು.

ಒಂದೊಂದು ಊರಿನ ಪ್ಲೇಟುಗಳನ್ನು ಒಂದೊಂದು ಗುಡ್ಡೆಯಾಗಿ ಕಟ್ಟಿದೆ. ಮೊದಲು ಕಟ್ಟಿದ ಗುಡ್ಡೆ ಡೆಟ್ರಾಯಿಟಿನದು. ಬೆರಿ ಗಾರ್ಡಿ ಎಂಬ ಯುವಕ ಇಲ್ಲಿನ ಲಿಂಕನ್-ಮರ್ಕ್ಯುರಿ ಕಾರ್ಖಾನೆಯ ಸಾಲಿನಲ್ಲಿ ನಿಂತು ಕಾರು ಜೋಡಿಸುತ್ತಿದ್ದವನು. 1959ರಲ್ಲಿ ಮನೆಯವರ ಉಳಿತಾಯ ನಿಧಿಯಿಂದ 800 ಡಾಲರ್ ಸಾಲ ಪಡೆದು ರೆಕಾರ್ಡ್ ಕಂಪನಿ ತೆರೆದ. ಅದೇ ಮುಂದೆ ಮೋಟೌನ್ ಆಯಿತು. ವೆಸ್ಟ್ ಗ್ರ್ಯಾಂಡ್ ಬುಲವಾರ್ಡಿನ 2648ನೇ ನಂಬರಿನ ಆ ಮನೆ ಈಗ ವಸ್ತುಸಂಗ್ರಹಾಲಯ. ಹಿತ್ತಲ ಕಡೆಯ ಕೋಣೆಯೇ ಸ್ಟುಡಿಯೋ. ಒಳಗೆ ನಿಂತರೆ ಎದೆ ಝಲ್ ಎನ್ನುತ್ತದೆ, ಅಷ್ಟು ಚಿಕ್ಕದು. ದನಿಗೆ ಗುಂಗು ಬರಲೆಂದು ಅಟ್ಟವನ್ನೇ ಪ್ರತಿಧ್ವನಿಯ ಕೋಣೆ ಮಾಡಿಕೊಂಡಿದ್ದರು. ನಾಡಿನ ರೇಡಿಯೋಗಳಲ್ಲೆಲ್ಲ ಮೊಳಗಿದ ಹಾಡುಗಳು ಒಂದು ಸಂಸಾರದ ಮನೆಯ ಹಿಂಬದಿಯಿಂದ ಹೊರಟವು.

ಮೋಟೌನ್ ಲೇಬಲ್ಲಿನ ಮೇಲೆ ಡೆಟ್ರಾಯಿಟ್ ಪ್ರದೇಶದ ನಕ್ಷೆ ಇದೆ, ಊರಿನ ಜಾಗದಲ್ಲಿ ಕೆಂಪು ನಕ್ಷತ್ರ. ಊರನ್ನು ಇಷ್ಟು ಹೆಮ್ಮೆಯಿಂದ ಅಚ್ಚು ಹಾಕಿದ ಕಂಪನಿ ನುಡಿಸಿದವರ ಹೆಸರನ್ನು ಮಾತ್ರ ಹಾಕಲಿಲ್ಲ. ಜೇಮ್ಸ್ ಜೇಮರ್ಸನ್ ಬೇಸ್ ಗಿಟಾರ್, ಬೆನ್ನಿ ಬೆಂಜಮಿನ್ ಡ್ರಮ್ಸ್, ಅರ್ಲ್ ವ್ಯಾನ್ ಡೈಕ್ ಪಿಯಾನೋ. ಫಂಕ್ ಬ್ರದರ್ಸ್ ಎಂದು ಕರೆಸಿಕೊಂಡ ಈ ಬಳಗದ ಅನೇಕರು ರಾತ್ರಿ ಜಾಝ್ ಕ್ಲಬ್ಬುಗಳಲ್ಲಿ ನುಡಿಸಿ, ಹಗಲು ಈ ಕೋಣೆಗೆ ಬರುತ್ತಿದ್ದವರು. 1971ರ ಮಾರ್ವಿನ್ ಗೇ ಎಲ್‌ಪಿ 'ವಾಟ್ಸ್ ಗೋಯಿಂಗ್ ಆನ್' ಬರುವವರೆಗೆ ಮೋಟೌನ್ ಗಾಯಕರ ಹೊದಿಕೆಗಳ ಮೇಲೆ ಹಿಮ್ಮೇಳದವರಾಗಿ ಇವರ ಹೆಸರು ಬರುತ್ತಿರಲಿಲ್ಲ. ಮರುವರ್ಷ ಕಂಪನಿ ಲಾಸ್ ಏಂಜಲಿಸಿಗೆ ಹೊರಟುಹೋಯಿತು. ಅವರ ಕತೆ ಹೇಳುವ ಸಾಕ್ಷ್ಯಚಿತ್ರ ಬಂದದ್ದು 2002ರಲ್ಲಿ. ಅಷ್ಟು ಹೊತ್ತಿಗೆ ಜೇಮರ್ಸನ್ ತೀರಿಕೊಂಡು ಹತ್ತೊಂಬತ್ತು ವರ್ಷ.

ಈ ಗುಡ್ಡೆಯಲ್ಲಿ ನಾನು ಬಹಳ ದಿನ ಉಳಿದೆ. ಟೆಂಪ್ಟೇಷನ್ಸ್ ತಂಡದ 'ಮೈ ಗರ್ಲ್' ಕೇಳದವರು ಕಡಿಮೆ. ಅದರ ಆರಂಭವನ್ನಷ್ಟೇ ಕೇಳಿ: ಮೊದಲು ಬೇಸ್ ಎದೆಬಡಿತದ ಲಯದಲ್ಲಿ ಹೆಜ್ಜೆ ಇಡುತ್ತದೆ, ಅದರ ಮೇಲೆ ಗಿಟಾರ್ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಹಾಡುಗಾರ ಬಾಯಿ ತೆರೆಯುವ ಮೊದಲೇ ಹಾಡು ಗೆದ್ದಿದೆ. ಬೇಸ್ ಜೇಮರ್ಸನ್ನದು. ಗಿಟಾರ್ ರಾಬರ್ಟ್ ವೈಟ್ ಅವರದು. ಲೇಬಲ್ಲಿನಲ್ಲಿ ಹಾಡು ಕಟ್ಟಿದವರಾಗಿ ರಾಬಿನ್ಸನ್ ಎಂಬ ಹೆಸರಿನ ಜೊತೆಗೆ ವೈಟ್ ಎಂಬ ಹೆಸರೂ ಇದೆ. ಆದರೆ ಆ ವೈಟ್ ಬೇರೆ, ಮಿರಾಕಲ್ಸ್ ತಂಡದ ರೊನಾಲ್ಡ್ ವೈಟ್. ಯಾರ ಬೆರಳ ತುದಿಯಿಂದ ಆ ಏರಿಕೆ ಹುಟ್ಟಿತೋ ಅವರು ಲೇಬಲ್ಲಿನಲ್ಲಿ ಎಲ್ಲಿಯೂ ಇಲ್ಲ. ಇದನ್ನು ತಿಳಿದ ಮೇಲೆ ನನಗೆ ಆ ಹಾಡಿನ ಮೊದಲ ಕೆಲವು ಸೆಕೆಂಡುಗಳು ರಾಬರ್ಟ್ ವೈಟ್ ಅವರ ಸಹಿಯ ಹಾಗೆ ಕೇಳಿಸುತ್ತವೆ.

ಜೇಮರ್ಸನ್ ಒಂದೇ ಬೆರಳಿನಲ್ಲಿ ತಂತಿ ಮೀಟುತ್ತಿದ್ದವರು. ಫೋರ್ ಟಾಪ್ಸ್ ತಂಡದ 'ಬರ್ನಡೆಟ್' ಹಾಕಿ, ಹಾಡುವ ದನಿಯನ್ನು ಮನಸ್ಸಿನಿಂದ ಬದಿಗೆ ಸರಿಸಿ, ಕೆಳಗಿನ ಆ ಬೇಸ್ ಒಂದನ್ನೇ ಹಿಡಿದು ಹೋಗಿ. ಅದು ತಾಳ ಕಾಯುವ ಕೆಲಸವನ್ನಷ್ಟೇ ಮಾಡುತ್ತಿಲ್ಲ. ತನ್ನದೇ ಇನ್ನೊಂದು ಹಾಡು ಹೇಳುತ್ತಿದೆ. ಕೊನೆಯ ಹತ್ತಿರ ಹಾಡು ಮುಗಿಯಿತು ಎನ್ನುವಂತೆ ಎಲ್ಲವೂ ನಿಲ್ಲುತ್ತದೆ. ಒಂದು ಗಳಿಗೆ ಮೌನ. ಆಮೇಲೆ ಹಾಡುಗಾರ ಲೆವಿ ಸ್ಟಬ್ಸ್ ಬರ್ನಡೆಟ್ ಎಂದು ಹೆಸರು ಹಿಡಿದು ಕೂಗುತ್ತಾರೆ, ಇಡೀ ಬಳಗ ಮತ್ತೆ ಬೀಳುತ್ತದೆ. ಒಬ್ಬರೂ ತಪ್ಪುವುದಿಲ್ಲ. ಎಷ್ಟು ಸಲ ಕೇಳಿದರೂ ಆ ಜಾಗದಲ್ಲಿ ನನ್ನ ಉಸಿರು ತಡೆಯುತ್ತದೆ. ಇದನ್ನು ಕೇಳಲು ದುಬಾರಿ ಉಪಕರಣ ಬೇಕಿಲ್ಲ. ಈ ಹಾಡುಗಳು ಕಾರಿನ ರೇಡಿಯೋದಲ್ಲಿ ಕೇಳುವವರನ್ನು ಮನಸ್ಸಿನಲ್ಲಿಟ್ಟುಕೊಂಡೇ ಹದಗೊಂಡವು, ಅದಕ್ಕೇ ಚಿಕ್ಕ ಸ್ಪೀಕರಿನಲ್ಲೂ ನಿಲ್ಲುತ್ತವೆ. ಆಂಪ್ಲಿಫೈಯರಿನಲ್ಲಿ ಮೋನೋ ಗುಂಡಿ ಇದ್ದರೆ ಒತ್ತಿಕೊಳ್ಳಿ, ಗೀರುಗಳ ಚಟಪಟ ಎಷ್ಟೋ ಇಳಿಯುತ್ತದೆ.

ಮೋಟೌನಿನದೇ ಇನ್ನೊಂದು ಲೇಬಲ್ಲಾದ ಹಳದಿ ಟ್ಯಾಮ್ಲಾದ ಒಂದು ಪ್ಲೇಟನ್ನು ಕೈಯಲ್ಲಿ ಹಿಡಿದು ತುಂಬ ಹೊತ್ತು ಕೂತೆ. ಮಾರ್ವಲೆಟ್ಸ್ ತಂಡದ 'ಪ್ಲೀಸ್ ಮಿಸ್ಟರ್ ಪೋಸ್ಟ್‌ಮನ್', 1961. ಮೋಟೌನ್ ಮನೆಗೆ ನಾಡಿನ ಪಾಪ್ ಪಟ್ಟಿಯ ಮೊದಲ ಸ್ಥಾನ ತಂದುಕೊಟ್ಟ ಮೊತ್ತಮೊದಲ ಹಾಡು. ಹಾಡಿದವರು ಇಂಕ್‌ಸ್ಟರ್ ಎಂಬ ಊರಿನ ಹೈಸ್ಕೂಲಿನಲ್ಲಿ ಜೊತೆಯಾದ ಹುಡುಗಿಯರು. ನಾನು ಅಂಗಡಿಗೆ ಹೋಗಿಬರುವ ದಾರಿಯಲ್ಲೇ ಆ ಊರು ಸಿಗುತ್ತದೆ. ಹಾಡನ್ನು ಕಟ್ಟಿದವರಲ್ಲಿ ಒಬ್ಬರಾದ ಫ್ರೆಡ್ಡಿ ಗೋರ್ಮನ್ ನಿಜಕ್ಕೂ ಅಂಚೆ ಹಂಚುತ್ತಿದ್ದವರು. ಡ್ರಮ್ಸ್ ಬಾರಿಸಿದವರು ಇನ್ನೂ ಹೆಸರು ಮಾಡಿರದ ಮಾರ್ವಿನ್ ಗೇ. ಲೇಬಲ್ಲಿನಲ್ಲಿ ಅದೂ ಇಲ್ಲ.

ಆದರೆ ಇನ್ನೊಂದು ಹೆಸರಿದೆ. ನೀಲಿ ಬಾಲ್‌ಪೆನ್ನಿನಲ್ಲಿ, ಉರುಟು ಅಕ್ಷರದಲ್ಲಿ, ಒಬ್ಬ ಹುಡುಗಿಯದು. ಪಕ್ಕದಲ್ಲಿ ಒಂದು ಸಂಖ್ಯೆ. ಇಂಥವು ನನ್ನ ಬಳಿ ಎಷ್ಟೋ ಇವೆ. ಯಾಕೆ ಹೀಗೆ ಬರೆಯುತ್ತಿದ್ದರು ಎಂದು ನನ್ನ ಜೊತೆ ಕೆಲಸಕ್ಕಿದ್ದ, ಡೆಟ್ರಾಯಿಟಿನ ಪಶ್ಚಿಮ ಭಾಗದಲ್ಲೇ ಹುಟ್ಟಿ ಬೆಳೆದ ಹಿರಿಯರೊಬ್ಬರನ್ನು ಕೇಳಿದ್ದೆ. ಶನಿವಾರ ರಾತ್ರಿ ಯಾರದಾದರೂ ಮನೆಯ ಬೇಸ್‌ಮೆಂಟಿನಲ್ಲಿ ಕುಣಿತ ಇರುತ್ತಿತ್ತಂತೆ. ಬರುವವರು ತಮ್ಮತಮ್ಮ ಪ್ಲೇಟು ಹಿಡಿದು ಬರುತ್ತಿದ್ದರು, ಎಲ್ಲವೂ ಒಂದೇ ರಾಶಿಯಲ್ಲಿ ಬೆರೆಯುತ್ತಿದ್ದವು. ಹೊರಡುವಾಗ ಯಾರದು ಯಾವುದು ಎಂದು ಜಗಳ ಆಗಬಾರದಲ್ಲ, ಅದಕ್ಕೆ ಹೆಸರು. ಸಂಖ್ಯೆ ಅವರವರ ಪೆಟ್ಟಿಗೆಯೊಳಗಿನ ಕ್ರಮದ್ದು. ದೀಪದಡಿ ಓರೆಯಾಗಿ ಹಿಡಿದರೆ ಆ ಪ್ಲೇಟಿನ ಗೆರೆಗಳು ಬೂದಿ ಬಣ್ಣಕ್ಕೆ ತಿರುಗಿರುವುದು ಕಾಣುತ್ತದೆ. ಭಾರದ ಮುಳ್ಳಿನಡಿ ಮತ್ತೆ ಮತ್ತೆ ತಿರುಗಿದ್ದರ ಗುರುತು. ಹಿಂಬದಿ ಮಾತ್ರ ಹೊಸದರಂತೆ ಹೊಳೆಯುತ್ತಿದೆ. ಮಾರುವವರ ಲೆಕ್ಕದಲ್ಲಿ ಬರೆದ ಹೆಸರು, ಸವೆದ ಗೆರೆ ಎರಡೂ ಕುಂದು, ಬೆಲೆ ಇಳಿಸುವಂಥವು. ನನಗೆ ಈ ಪ್ಲೇಟು ಪೆಟ್ಟಿಗೆಯಲ್ಲೇ ದೊಡ್ಡದು. ಹೊಳೆಯುವ, ಯಾರೂ ಕೇಳದ ಪ್ರತಿಗಳನ್ನು ಹುಡುಕಿಕೊಂಡು ಹೋಗುವುದನ್ನು ಆಮೇಲೆ ಬಿಟ್ಟೇಬಿಟ್ಟೆ.

ಇವು ಮಾರಾಟವಾದ ಬೀದಿಗಳ ಕತೆಯನ್ನೂ ಹೇಳಲೇಬೇಕು. ಹೇಸ್ಟಿಂಗ್ಸ್ ಸ್ಟ್ರೀಟ್ ಡೆಟ್ರಾಯಿಟಿನ ಕಪ್ಪು ಜನರ ದೊಡ್ಡ ಪೇಟೆಬೀದಿಯಾಗಿತ್ತು. ಅಲ್ಲಿ ಜೋ ವಾನ್ ಬ್ಯಾಟಲ್ ಎಂಬುವರ ರೆಕಾರ್ಡ್ ಅಂಗಡಿ ಇತ್ತು. ಅರೀಥಾ ಅವರ ತಂದೆ, ಪಾದ್ರಿ ಸಿ. ಎಲ್. ಫ್ರ್ಯಾಂಕ್ಲಿನ್ ಅವರ ಪ್ರವಚನಗಳನ್ನೂ ಹುಡುಗಿ ಅರೀಥಾಳ ಮೊದಲ ಭಕ್ತಿಗೀತೆಗಳನ್ನೂ ಧ್ವನಿಮುದ್ರಿಸಿದವರು ಅವರೇ. ಕ್ರೈಸ್ಲರ್ ಫ್ರೀವೇ ಹಾಯಿಸಲು ಆ ಬೀದಿಯನ್ನು ನೆಲಸಮ ಮಾಡಿದರು. ಅಂಗಡಿ 12ನೇ ಬೀದಿಗೆ ಹೋಯಿತು. 1967ರ ಜುಲೈನ ಗಲಭೆಯಲ್ಲಿ ಊರು ಹೊತ್ತಿ ಉರಿದಾಗ, 43 ಜನ ಸತ್ತ ಆ ದಿನಗಳಲ್ಲಿ, ಅಂಗಡಿಯೂ ಹಾಳಾಯಿತು, ಒಳಗಿದ್ದ ಟೇಪುಗಳೂ ಹೋದವು. ಆ ಫ್ರೀವೇಯಲ್ಲಿ ನಾನು ವರ್ಷಗಟ್ಟಲೆ ಕಾರು ಓಡಿಸಿದ್ದೇನೆ. ಈಗ ಅಲ್ಲಿ ಹೋಗುವಾಗ ರೇಡಿಯೋ ಆರಿಸುತ್ತೇನೆ.

ಎರಡನೆಯ ಗುಡ್ಡೆ ಮೆಂಫಿಸಿನದು. ಸ್ಟ್ಯಾಕ್ಸ್ ಕಂಪನಿಯ ಸ್ಟುಡಿಯೋ ಒಂದು ಹಳೇ ಸಿನಿಮಾ ಟಾಕೀಸು; ಕುರ್ಚಿ ಕಿತ್ತಿದ್ದರು, ಇಳಿಜಾರು ನೆಲ ಹಾಗೇ ಇತ್ತು. ಆ ನೆಲದ ಗುಂಗು ಹಾಡುಗಳಲ್ಲೂ ಇದೆ. ಮೋಟೌನ್ ತೊಳೆದು ಇಸ್ತ್ರಿ ಹಾಕಿದ ದನಿಯಾದರೆ ಇದು ಬೆವರಿನ ದನಿ. ಬೂಕರ್ ಟಿ. ಜೋನ್ಸ್ ಬಳಗದ 'ಗ್ರೀನ್ ಆನಿಯನ್ಸ್' 1962ರಲ್ಲಿ ಮೊದಲು ಬಂದದ್ದು ಇನ್ನೊಂದು ಹಾಡಿನ ಹಿಂಬದಿಗೆ ತುಂಬಿಸಲೆಂದು. ಕೇಳುಗರು ಹಿಂಬದಿಯನ್ನೇ ಎತ್ತಿಕೊಂಡರು, ಕಂಪನಿ ಅದನ್ನೇ ಮುಂದುಮಾಡಿ ಮತ್ತೆ ಅಚ್ಚು ಹಾಕಬೇಕಾಯಿತು. ಇಲ್ಲೇ ಹಾಡುತ್ತಿದ್ದ ಓಟಿಸ್ ರೆಡ್ಡಿಂಗ್ 1967ರ ಡಿಸೆಂಬರ್ 10ರಂದು ವಿಮಾನ ಅಪಘಾತದಲ್ಲಿ ತೀರಿಕೊಂಡರು, 26ರ ವಯಸ್ಸು. ಅದಕ್ಕೆ ಕೆಲವೇ ದಿನ ಮುಂಚೆ ಹಾಡಿದ್ದ 'ಡಾಕ್ ಆಫ್ ದ ಬೇ'ಗೆ ಅಲೆಯ ಸದ್ದನ್ನೂ ಹಕ್ಕಿಯ ಕೂಗನ್ನೂ ಸೇರಿಸಿ ಮುಗಿಸಿದವರು ಗಿಟಾರ್ ನುಡಿಸಿದ ಜೊತೆಗಾರ ಸ್ಟೀವ್ ಕ್ರಾಪರ್. ಆ ಗಿಟಾರು ಎಷ್ಟು ಕಡಿಮೆ ನುಡಿಯುತ್ತದೆ, ಗಮನಿಸಿ. ಹಾಡುವವನಿಗೆ ಜಾಗ ಬಿಟ್ಟುಕೊಡುವುದನ್ನು ಬಲ್ಲ ಕೈ ಅದು.

ಕಂಪನಿ ನೋಡಿ ಜೋಡಿಸಿದರೆ ಸಾಲದು ಎಂದು ಗೊತ್ತಾದದ್ದು ವಿಲ್ಸನ್ ಪಿಕೆಟ್ ಹಾಡಿದ 'ಇನ್ ದ ಮಿಡ್‌ನೈಟ್ ಅವರ್' ಕೇಳುವಾಗ. ಲೇಬಲ್ಲು ಅಟ್ಲಾಂಟಿಕ್, ನ್ಯೂಯಾರ್ಕಿನದು. ಕಿವಿ ಮಾತ್ರ ಮೆಂಫಿಸ್ ಅನ್ನುತ್ತದೆ. 1965ರಲ್ಲಿ ಅದೇ ಟಾಕೀಸಿನಲ್ಲಿ ಮುದ್ರಣವಾದದ್ದು. ಅಟ್ಲಾಂಟಿಕ್‌ನ ಜೆರ್ರಿ ವೆಕ್ಸ್ಲರ್ ಆಗ ಊರಲ್ಲಿ ಹುಡುಗರ ಹೊಸ ಕುಣಿತ ಹೀಗಿದೆ ಎಂದು ಸ್ಟುಡಿಯೋದಲ್ಲೇ ಕುಣಿದು ತೋರಿಸಿದರು. ಅದನ್ನು ನೋಡಿ ಡ್ರಮ್ಸಿನ ಅಲ್ ಜ್ಯಾಕ್ಸನ್, ಗಿಟಾರಿನ ಕ್ರಾಪರ್ ಎರಡನೆಯ ಮತ್ತು ನಾಲ್ಕನೆಯ ಪೆಟ್ಟನ್ನು ಕೂದಲೆಳೆಯಷ್ಟು ತಡಮಾಡಿ ಇಟ್ಟರು. ತಾಳ ಹಾಕುತ್ತ ಕೇಳುವ ಅಭ್ಯಾಸ ಇರುವ ಕನ್ನಡದ ಕಿವಿಗೆ ಇದು ಥಟ್ಟನೆ ಸಿಗುತ್ತದೆ. ಕೈ ಬೀಳಬೇಕಾದಲ್ಲಿ ಬಿದ್ದಿರುತ್ತದೆ, ಪೆಟ್ಟು ಆಮೇಲೆ ಬರುತ್ತದೆ.

ಪಾಪ್ ಗುಡ್ಡೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಂದು ಸಂಗತಿ ಮಾತ್ರ: ರೈಟಿಯಸ್ ಬ್ರದರ್ಸ್ ಹಾಡಿದ 'ಯೂ ಹ್ಯಾವ್ ಲಾಸ್ಟ್ ದಟ್ ಲವಿಂಗ್ ಫೀಲಿಂಗ್' ಲೇಬಲ್ಲಿನಲ್ಲಿ ಹಾಡಿನ ಉದ್ದ 3:05 ಎಂದಿದೆ. ಗಡಿಯಾರ ಹಿಡಿದರೆ 3:45ರ ಹತ್ತಿರ. ಉದ್ದದ ಹಾಡನ್ನು ರೇಡಿಯೋದವರು ಬದಿಗಿಡುತ್ತಾರೆಂದು ನಿರ್ಮಾಪಕ ಫಿಲ್ ಸ್ಪೆಕ್ಟರ್ ಬೇಕೆಂದೇ ಹಾಗೆ ಅಚ್ಚು ಹಾಕಿಸಿದ್ದ. ಲೇಬಲ್ಲನ್ನು ಕಣ್ಣುಮುಚ್ಚಿ ನಂಬಬಾರದು ಎನ್ನಲು ಬೇರೆ ಸಾಕ್ಷಿ ಬೇಕಿಲ್ಲ.

ತೊಳೆಯುವ ವಿಷಯ. ಅಮೆರಿಕದ ಸಿಂಗಲ್ಲುಗಳೆಲ್ಲ ವಿನೈಲ್ ಅಲ್ಲ; ಎಷ್ಟೋ ಸ್ಟೈರೀನಿನವು. ಉಗುರಿನಿಂದ ತಟ್ಟಿದರೆ ಗಡುಸಾದ ಟಕ್ ಸದ್ದು ಬರುತ್ತದೆ, ಲೇಬಲ್ಲು ಮೇಲಿಂದ ಅಂಟಿಸಿದಂತೆ ಕಾಣುತ್ತದೆ. ಇವು ಬೇಗ ಸವೆಯುತ್ತವೆ. ಸವೆದ ಮುಳ್ಳನ್ನು ಇವುಗಳ ಮೇಲೆ ಇಡಲೇಬೇಡಿ, ಆಲ್ಕೋಹಾಲ್ ಇರುವ ದ್ರವವನ್ನು ತಾಗಿಸಬೇಡಿ. ಡಿಸ್ಟಿಲ್ಡ್ ವಾಟರ್, ಮೆತ್ತನೆಯ ಬಟ್ಟೆ, ಗೆರೆಯ ದಿಕ್ಕಿನಲ್ಲೇ ಒರೆಸುವುದು, ನೆರಳಲ್ಲಿ ಒಣಗಿಸುವುದು, ನಿಲ್ಲಿಸಿ ಇಡುವುದು. ಇಷ್ಟು ಮಾಡಿದರೆ ನಮ್ಮ ಕಾಲ ಮುಗಿದ ಮೇಲೂ ಹಾಡುತ್ತವೆ.

ಈ ಪೆಟ್ಟಿಗೆಗಳ ಜೊತೆಗೇ ಊರಿಂದ ತಂದ ಕನ್ನಡದ ಇಪಿಗಳೂ ಇದ್ದವು. ಅವನ್ನೂ ಹೊಸ ಕಿವಿಯಿಂದ ಕೇಳಿದೆ. ಲೇಬಲ್ಲಿನಲ್ಲಿ ಚಿತ್ರದ ಹೆಸರು, ಗಾಯಕರು, ಗೀತರಚನೆ, ಸಂಗೀತ ನಿರ್ದೇಶಕರು ಇದ್ದಾರೆ. ಚರಣಕ್ಕೆ ಮುಂಚೆ ಆ ಕೊಳಲು ಬರುತ್ತದಲ್ಲ, ಅದು ಯಾರದು? ಪಲ್ಲವಿಯ ಬೆನ್ನಿಗೆ ಬರುವ ವಯಲಿನ್ನುಗಳು, ಆ ತಬಲಾ ಯಾರವು? ಅರವತ್ತು ಎಪ್ಪತ್ತರ ದಶಕದ ನಮ್ಮ ಚಿತ್ರಗೀತೆಗಳು ಬಹುಪಾಲು ಮದ್ರಾಸಿನ ಸ್ಟುಡಿಯೋಗಳಲ್ಲಿ ಮುದ್ರಣವಾದವು. ಅಲ್ಲಿ ನುಡಿಸಿದವರ ಹೆಸರು ನಮ್ಮ ಲೇಬಲ್ಲುಗಳ ಮೇಲೂ ಇಲ್ಲ. ಫಂಕ್ ಬ್ರದರ್ಸ್‌ಗೆ ತಡವಾಗಿಯಾದರೂ ಹೆಸರು ಸಿಕ್ಕಿತು, ಏಕೆಂದರೆ ಕೆಲವರು ಹೋಗಿ ಕೂತು, ಕೇಳಿ, ಬರೆದುಕೊಂಡರು.

ನಿಮ್ಮ ಮನೆಯಲ್ಲಿ ಹಳೆಯ ಪ್ಲೇಟುಗಳಿದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ. ಯಾರು ಕೊಂಡದ್ದು, ಎಲ್ಲಿ, ಯಾವ ಸಮಾರಂಭಕ್ಕೆ ಎಂದು ಒಂದು ಚೀಟಿ ಬರೆದು ಹೊದಿಕೆಯೊಳಗೆ ಇಡಿ. ಆ ಕಾಲದಲ್ಲಿ ಸ್ಟುಡಿಯೋಗಳಲ್ಲಿ ನುಡಿಸಿದವರು ಯಾರಾದರೂ ನಿಮ್ಮ ಬೀದಿಯಲ್ಲೋ ನೆಂಟರಲ್ಲೋ ಇದ್ದರೆ ಈ ವಾರವೇ ಹೋಗಿ, ಯಾವ ಹಾಡಿಗೆ ಏನು ನುಡಿಸಿದಿರಿ ಎಂದು ಕೇಳಿ ಬರೆದುಕೊಳ್ಳಿ.