ಲೇಡಿ ಜೇನ್ ಗ್ರೇ: ಚಿತ್ರವೂ ಚರಿತ್ರೆಯೂ

ಚರಿತ್ರೆಯನ್ನು ಕಲಿಸುವವರಿಗೆ ಚಿತ್ರಪಟಗಳಿಂದ ದೊರೆಯುವ ಸಹಾಯವು ಅಲ್ಪವಲ್ಲ. ಹತ್ತು ಪುಟಗಳನ್ನು ಓದಿದರೂ ಮನಸ್ಸಿಗೆ ಹತ್ತದ ಸಂಗತಿಯು ಒಂದು ಚಿತ್ರವನ್ನು ಕಂಡೊಡನೆ ಹೃದಯದಲ್ಲಿ ಅಚ್ಚೊತ್ತುವದುಂಟು. ಚಿತ್ರವು ಹೀಗೆ ಹೃದಯವನ್ನು ಬೇಗನೆ ಗೆಲ್ಲುವದರಿಂದಲೇ ಅದನ್ನು ವಿವೇಕದಿಂದ ಪರೀಕ್ಷಿಸುವದು ಅವಶ್ಯವಾಗಿದೆ. ಇದಕ್ಕೆ ದೃಷ್ಟಾಂತವಾಗಿ, ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿರುವ ‘ಲೇಡಿ ಜೇನ್ ಗ್ರೇಯ ಮರಣದಂಡನೆ’ ಎಂಬ ಚಿತ್ರವನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರ ಹಾಗೂ ಹೆತ್ತವರ ಮುಂದೆ ಇಡಬಯಸುತ್ತೇವೆ.

ಇದನ್ನು ಬರೆದವನು ಪಾಲ್ ಡೆಲರೋಶ್ (1797-1856) ಎಂಬ ಫ್ರೆಂಚ್ ಚಿತ್ರಕಾರನು. 1833ರಲ್ಲಿ ಮುಗಿದ ಈ ಚಿತ್ರವು 1834ರಲ್ಲಿ ಪ್ಯಾರಿಸ್ ನಗರದ ಸಲೋನ್ ಎಂಬ ಪ್ರದರ್ಶನದಲ್ಲಿ ಇಡಲ್ಪಟ್ಟಾಗ ಜನರು ಅದರ ಮುಂದೆ ಕಿಕ್ಕಿರಿದು ನೆರೆದರು. ಎತ್ತರವು ಸುಮಾರು 8 ಅಡಿ, ಅಗಲವು 10 ಅಡಿಗೆ ತುಸು ಕಡಿಮೆ. ಆದಕಾರಣ ಅದರೊಳಗಣ ವ್ಯಕ್ತಿಗಳು ನಮ್ಮ ಎದುರಿಗೇ ನಿಂತಂತೆ ತೋರುತ್ತಾರೆ. ಕತ್ತಲೆ ಕವಿದ ಒಂದು ಒಳಾಂಗಣ. ನಡುವೆ ಬಿಳಿಯ ವಸ್ತ್ರವನ್ನುಟ್ಟು, ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಮೊಣಕಾಲೂರಿದ ಒಬ್ಬ ಯುವತಿ. ಅವಳು ಕೈ ಚಾಚಿ ಮರದ ದಿಮ್ಮಿಯನ್ನು ತಡಕುತ್ತಿರುವಳು. ವೃದ್ಧನಾದ ಅಧಿಕಾರಿಯೊಬ್ಬನು ತಂದೆಯಂತೆ ಬಾಗಿ ಅವಳಿಗೆ ದಾರಿ ತೋರುವನು. ದಿಮ್ಮಿಯ ಸುತ್ತಲೂ ಹುಲ್ಲು ಹರಡಿದೆ. ಒಂದು ಕಡೆ ಸಖಿಯರಲ್ಲಿ ಒಬ್ಬಳು ಕುಸಿದಿದ್ದಾಳೆ, ಇನ್ನೊಬ್ಬಳು ಗೋಡೆಗೆ ಮುಖವಿಟ್ಟಿದ್ದಾಳೆ. ಮತ್ತೊಂದು ಕಡೆ ಕೊಡಲಿಯನ್ನು ಹಿಡಿದ ಕೊಲೆಗಾರನು ಕಾದುನಿಂತಿದ್ದಾನೆ.

ಈಕೆ ಯಾರು? ಇಂಗ್ಲೆಂಡಿನ ಎಂಟನೆಯ ಹೆನ್ರಿಯ ತಂಗಿಯ ಮೊಮ್ಮಗಳು. 1553ರ ಜುಲೈ 6ರಂದು ಬಾಲರಾಜನಾದ ಆರನೆಯ ಎಡ್ವರ್ಡನು ತೀರಿಹೋದನು. ರಾಜ್ಯವನ್ನಾಳುತ್ತಿದ್ದ ನಾರ್ಥಂಬರ್ಲೆಂಡಿನ ಡ್ಯೂಕನು ಅಷ್ಟರೊಳಗೆ ತನ್ನ ಮಗನಾದ ಗಿಲ್ಫರ್ಡ್ ಡಡ್ಲಿಗೆ ಜೇನಳನ್ನು ಮದುವೆ ಮಾಡಿಸಿಕೊಂಡಿದ್ದನು. ಜುಲೈ 10ರಂದು ಅವಳನ್ನು ರಾಣಿಯೆಂದು ಸಾರಿದರು. 19ರಂದು ಹೆನ್ರಿಯ ಹಿರಿಯ ಮಗಳಾದ ಮೇರಿಯನ್ನು ರಾಣಿಯೆಂದು ಸಾರಿದರು. ಅರಮನೆಯಾಗಿದ್ದ ಲಂಡನ್ ಟವರೇ ಜೇನಳಿಗೆ ಸೆರೆಮನೆಯಾಯಿತು. ನವೆಂಬರದಲ್ಲಿ ಅವಳಿಗೆ ಮರಣದಂಡನೆ ವಿಧಿಸಿದರೂ ಮೇರಿಯು ಅದನ್ನು ನಡಿಸದೆ ಬಿಟ್ಟಿದ್ದಳು. ಆದರೆ 1554ರ ಆರಂಭದಲ್ಲಿ ವಾಯಟನು ದಂಗೆಯೆದ್ದಾಗ ಜೇನಳ ತಂದೆಯೂ ಅದರಲ್ಲಿ ಸೇರಿದನು. ಅವನ ದುಡುಕು ಮಗಳ ಪ್ರಾಣಕ್ಕೆ ಎರವಾಯಿತು. ಫೆಬ್ರವರಿ 12ರಂದು ಗಂಡನ ಹಿಂದೆಯೇ ಅವಳೂ ವಧೆಗೆ ಗುರಿಯಾದಳು. ಆಗ ಅವಳ ಪ್ರಾಯವು 16 ಅಥವಾ 17.

ಇನ್ನು ಚಿತ್ರವನ್ನು ಚರಿತ್ರೆಯೊಡನೆ ಹೋಲಿಸಿ ನೋಡೋಣ. ಅವಳ ವಧೆಯು ನಡೆದದ್ದು ಕತ್ತಲೆಯ ಕೋಣೆಯಲ್ಲಲ್ಲ, ಟವರಿನ ಆವರಣದ ಹಸುರಿನ ಮೇಲೆ, ಬಯಲಿನಲ್ಲಿ. ವಿಚಾರಣೆಯ ದಿನ ತೊಟ್ಟಿದ್ದ ಕಪ್ಪು ಉಡುಪನ್ನೇ ಅಂದು ತೊಟ್ಟಿದ್ದಳೆಂದು ಆ ಕಾಲದ ವೃತ್ತಾಂತವು ತಿಳಿಸುತ್ತದೆ. ಬಿಳಿಯ ವಸ್ತ್ರವು ಚಿತ್ರಕಾರನ ಕಲ್ಪನೆ. ದಿಮ್ಮಿಗಾಗಿ ಅವಳು ತಡಕಾಡಿದ್ದೂ ಹತ್ತಿರ ನಿಂತವರೊಬ್ಬರು ದಾರಿ ತೋರಿದ್ದೂ ಸತ್ಯ. ಆದರೆ ಅದಕ್ಕೆ ಮುಂಚಿನ ಸಂಗತಿಗಳನ್ನೂ ಕೇಳಬೇಕು. ಅವಳು ಪುಸ್ತಕವೊಂದನ್ನು ಕೈಯಲ್ಲಿ ಹಿಡಿದು, ಪ್ರಾರ್ಥಿಸುತ್ತ ನಡೆದುಬಂದಳು. ಕಿರೀಟವನ್ನು ಸ್ವೀಕರಿಸಿದ್ದು ನ್ಯಾಯಕ್ಕೆ ವಿರುದ್ಧವಾಗಿತ್ತು, ಆದರೆ ತಾನು ಅದನ್ನು ಬಯಸಿದವಳಲ್ಲವೆಂದು ನೆರೆದವರಿಗೆ ಸ್ಪಷ್ಟವಾಗಿ ಹೇಳಿದಳು. 51ನೆಯ ಕೀರ್ತನೆಯನ್ನು ಕಡೆಯ ತನಕ ಪಠಿಸಿದಳು. ಉಡುಪನ್ನು ಸಡಿಲಿಸಲು ಬಂದ ಕೊಲೆಗಾರನನ್ನು ಹಿಂದೆ ಸರಿಸಿದಳು. ಕಣ್ಣಿಗೆ ಬಟ್ಟೆಯನ್ನು ತನ್ನ ಕೈಯಿಂದಲೇ ಕಟ್ಟಿಕೊಂಡಳು. ಆ ದಿನದ ಅಷ್ಟೂ ಧೈರ್ಯದೊಳಗೆ ಅವಳು ನಿಸ್ಸಹಾಯಳಾದದ್ದು ಒಂದೇ ಕ್ಷಣ. ಡೆಲರೋಶನು ಆರಿಸಿಕೊಂಡದ್ದು ಅದೇ ಕ್ಷಣವನ್ನು.

ಅವನನ್ನು ನಾವು ಸುಮ್ಮನೆ ದೂಷಿಸಲಾರೆವು. ರೊಮ್ಯಾಂಟಿಕ್ ಯುಗದ ಚಿತ್ರಕಾರರು ಕರುಣೆಯನ್ನು ಹುಟ್ಟಿಸುವ ಪ್ರಸಂಗಗಳನ್ನು ಹುಡುಕುತ್ತಿದ್ದರು. ಅವನ ದೇಶದಲ್ಲಿ 1793ರಲ್ಲಿ ರಾಜನೂ ರಾಣಿಯೂ ವಧಿಸಲ್ಪಟ್ಟಿದ್ದರು. ಆ ನೆನಪು ಮಾಸದಿದ್ದ ಜನರು ಇಂಗ್ಲೆಂಡಿನ ಈ ಕಥೆಯಲ್ಲಿ ತಮ್ಮ ದುಃಖವನ್ನೇ ಕಂಡಿರಬೇಕು. ಚಿತ್ರವು ಕಣ್ಣೀರನ್ನು ತರಿಸುತ್ತದೆ, ಅದು ಒಳ್ಳೆಯದೇ. ಆದರೆ ಚಿತ್ರದ ಜೇನಳು ನಮ್ಮ ಕರುಣೆಗೆ ಮಾತ್ರ ಪಾತ್ರಳು. ಚರಿತ್ರೆಯ ಜೇನಳು ನಮ್ಮ ಗೌರವಕ್ಕೂ ಪಾತ್ರಳು.

ಆ ಧೈರ್ಯವು ಅವಳಿಗೆ ಎಲ್ಲಿಂದ ಬಂತು? ರೋಜರ್ ಆಸ್ಕಮ್ ಎಂಬ ವಿದ್ವಾಂಸನು 1550ರಲ್ಲಿ ಬ್ರಾಡ್‌ಗೇಟಿನ ಅವಳ ಮನೆಗೆ ಹೋದಾಗ ಮನೆಯವರೆಲ್ಲರೂ ಬೇಟೆಗೆ ಹೋಗಿದ್ದರು. ಹುಡುಗಿಯೊಬ್ಬಳೇ ಕುಳಿತು ಪ್ಲೇಟೋವಿನ ಫೀಡೋ ಎಂಬ ಗ್ರಂಥವನ್ನು ಗ್ರೀಕ್ ಭಾಷೆಯಲ್ಲಿ ಓದುತ್ತಿದ್ದಳು. ಅದು ಸಾಕ್ರಟೀಸನು ಮರಣವನ್ನು ಶಾಂತವಾಗಿ ಎದುರುಗೊಂಡ ಕಥೆ. ತಂದೆತಾಯಿಗಳು ನಿಂತರೂ ಕುಳಿತರೂ ತಪ್ಪು ಹಿಡಿದು ಗದರಿಸಿ ಚಿವುಟುವರೆಂದೂ, ಗುರುವಾದ ಐಲ್ಮರನು ಮಾತ್ರ ಮೃದುವಾಗಿ ಕಲಿಸುವನೆಂದೂ, ಅದರಿಂದಲೇ ವಿದ್ಯೆಯು ತನಗೆ ಪ್ರಿಯವಾಯಿತೆಂದೂ ಅವಳು ಹೇಳಿದಳಂತೆ. ಆಸ್ಕಮನು ಬರೆದಿಟ್ಟ ಈ ಸಂಗತಿಯು ಅವನ ಮರಣಾನಂತರ 1570ರಲ್ಲಿ ಅಚ್ಚಾಯಿತು. ಹೆತ್ತವರೇ, ಇದನ್ನು ತುಸು ಆಲೋಚಿಸಿರಿ. ಹಿರಿಯರು ಆ ಹುಡುಗಿಯ ಮದುವೆಯನ್ನೂ ಕಿರೀಟವನ್ನೂ ತಮ್ಮ ಲಾಭಕ್ಕಾಗಿ ಗೊತ್ತುಮಾಡಿದರು; ಅವೆರಡೂ ಅವಳನ್ನು ಉಳಿಸಲಿಲ್ಲ. ಪ್ರೀತಿಯಿಂದ ಕಲಿಸಿದ ವಿದ್ಯೆಯೂ ಪ್ರಾಣವನ್ನು ಉಳಿಸಲಿಲ್ಲ, ನಿಜ; ಆದರೆ ಕಡೆಯ ಗಳಿಗೆಯಲ್ಲಿ ಅವಳ ಸಂಗಡ ಇದ್ದದ್ದು ಅದೊಂದೇ.

1928ರ ಥೇಮ್ಸ್ ನದಿಯ ಪ್ರವಾಹದಲ್ಲಿ ಈ ಚಿತ್ರವು ನಾಶವಾಯಿತೆಂದೇ ಬಹುಕಾಲ ಎಣಿಸಿದ್ದರು. 1973ರಲ್ಲಿ ಅದು ಟೇಟ್ ಗ್ಯಾಲರಿಯಲ್ಲಿ ಸಿಕ್ಕಿತು. ಜೇನಳು ಕೊನೆಯ ದಿನ ಹಿಡಿದಿದ್ದಳೆಂದು ನಂಬಲಾದ ಅಂಗೈಯಗಲದ ಪ್ರಾರ್ಥನಾ ಪುಸ್ತಕವೂ ಅದೇ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಉಳಿದಿದೆ. ಅದರ ಅಂಚುಗಳಲ್ಲಿ ಟವರಿನ ಅಧಿಕಾರಿಗೂ ತಂದೆಗೂ ಅವಳು ಬರೆದ ಮಾತುಗಳಿವೆ. ನಮ್ಮ ವಿದ್ಯಾರ್ಥಿನಿಯರು ಎಂದಾದರೂ ಈ ಚಿತ್ರವನ್ನೋ ಅದರ ಪ್ರತಿಯನ್ನೋ ನೋಡುವದಾದರೆ, ತಡಕುತ್ತಿರುವ ಆ ಕೈಗಳನ್ನು ಕಂಡು ಮರುಗಲಿ. ತರುವಾಯ ಆ ಕೈಗಳಲ್ಲಿ ತುಸು ಮುಂಚೆ ಒಂದು ಪುಸ್ತಕವಿತ್ತೆಂಬದನ್ನೂ ನೆನಸಲಿ.